ಮೊದಲ ನಿಮಿಷದ ಡಾಕ್ಟರ್: ವರ್ಜೀನಿಯಾ ಆಪ್ಗಾರ್



ಈ ಸಲದ ಸ್ಮರಣ ಸಂಚಿಕೆಗೆ ಪದವಿ ಪಡೆಯುವ ಪ್ರತಿಯೊಬ್ಬರೂ ಒಬ್ಬ ಹಿರಿಯರ ಜೀವನವನ್ನು ಬರೆದು ಕೊಡಬೇಕೆಂದು ನಮ್ಮ ಕನ್ನಡ ಶಾಲೆಯಲ್ಲಿ ಹೇಳಿದರು. ನನ್ನ ಗೆಳತಿಯರು ಸರ್ ಎಂ. ವಿಶ್ವೇಶ್ವರಯ್ಯ, ಕುವೆಂಪು, ಕಿತ್ತೂರು ಚೆನ್ನಮ್ಮ ಎಂದು ಹಂಚಿಕೊಂಡರು. ನಾನು ಆರಿಸಿಕೊಂಡವರು ಕನ್ನಡಿಗರಲ್ಲ, ಭಾರತೀಯರೂ ಅಲ್ಲ. ಆದರೂ ಅವರ ಹೆಸರು ನಮ್ಮಲ್ಲಿ ಬಹಳ ಜನರ ಮನೆಯ ಫೈಲಿನೊಳಗೆ ಇದೆ. ಇಲ್ಲಿ ದಮ್ಮಾಮಿನಲ್ಲೇ ಹುಟ್ಟಿದವರಾಗಲಿ, ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿ ಆಮೇಲೆ ಇಕಾಮಾ ಮಾಡಿಸಿಕೊಂಡು ಬಂದವರಾಗಲಿ, ನಿಮ್ಮ ಮಕ್ಕಳು ಹುಟ್ಟಿದಾಗ ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಒಮ್ಮೆ ತೆಗೆದು ನೋಡಿ. ಸಾಮಾನ್ಯವಾಗಿ ಮಗುವಿನ ತೂಕ ಬರೆದಿರುವ ಕಡೆಯಲ್ಲೇ ಆಪ್ಗಾರ್ ಎಂಬ ಒಂದು ಪದ, ಅದರ ಮುಂದೆ ಎರಡು ಅಂಕಿ ಇರುತ್ತವೆ. ಆಪ್ಗಾರ್ ಎಂದರೆ ಒಂದು ಯಂತ್ರದ ಹೆಸರೆಂದೋ ಪರೀಕ್ಷೆಯ ಹೆಸರೆಂದೋ ನಾನು ತಿಳಿದಿದ್ದೆ. ಅದು ಒಬ್ಬ ಮಹಿಳೆಯ ಹೆಸರು. ಪೂರ್ತಿ ಹೆಸರು ಡಾ. ವರ್ಜೀನಿಯಾ ಆಪ್ಗಾರ್.

ವರ್ಜೀನಿಯಾ ಹುಟ್ಟಿದ್ದು 1909ರ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಚಾರ್ಲ್ಸ್ ಆಪ್ಗಾರ್ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಆಫೀಸು ಮುಗಿದ ಮೇಲೆ ಮನೆಯಲ್ಲೇ ರೇಡಿಯೋ ಕಟ್ಟುವುದು, ದೂರದರ್ಶಕದಲ್ಲಿ ನಕ್ಷತ್ರ ನೋಡುವುದು ಅವರ ಹವ್ಯಾಸ. ಮನೆಮಂದಿಗೆಲ್ಲ ಸಂಗೀತದ ಹುಚ್ಚು, ವರ್ಜೀನಿಯಾ ಚಿಕ್ಕಂದಿನಲ್ಲೇ ಪಿಟೀಲು ಕಲಿತರು. ಮೂವರು ಮಕ್ಕಳಲ್ಲಿ ಇವರೇ ಕಿರಿಯರು. ಒಬ್ಬ ಅಣ್ಣ ಎಳೆಯ ವಯಸ್ಸಿನಲ್ಲೇ ಕ್ಷಯರೋಗದಿಂದ ತೀರಿಹೋದ. ಇನ್ನೊಬ್ಬ ಅಣ್ಣನಿಗೆ ಚಿಕ್ಕಂದಿನಿಂದಲೂ ವಾಸಿಯಾಗದ ಕಾಯಿಲೆ. ಹಾಗಾಗಿ ಡಾಕ್ಟರು ಬರುವುದು ಹೋಗುವುದು ಆ ಮನೆಯಲ್ಲಿ ಹೊಸದಲ್ಲ. ಹೈಸ್ಕೂಲು ಮುಗಿಸುವ ಹೊತ್ತಿಗೆ ತಾನು ಡಾಕ್ಟರಾಗಬೇಕೆಂದು ಅವರು ನಿಶ್ಚಯಿಸಿಯಾಗಿತ್ತು.

ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ಮನೆಯಲ್ಲಿ ಹಣಕ್ಕೆ ತಾಪತ್ರಯ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಊಟದ ಹಾಲ್‌ನಲ್ಲಿ ಬಡಿಸುವ ಕೆಲಸ, ಅದೂ ಸಾಲದೆ ಪ್ರಯೋಗಾಲಯಕ್ಕೆ ಬೀದಿಬೆಕ್ಕು ಹಿಡಿದು ತರುವ ಕೆಲಸ! ಇಷ್ಟರ ನಡುವೆ ಆಟದ ತಂಡಗಳಲ್ಲಿದ್ದರು, ನಾಟಕ ಆಡಿದರು, ಕಾಲೇಜಿನ ಪತ್ರಿಕೆಗೆ ಬರೆದರು, ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸಿದರು. ಶುಕ್ರವಾರ ಕನ್ನಡ ಶಾಲೆ, ಶನಿವಾರ ಟ್ಯೂಷನ್ ಎಂದು ಸುಸ್ತಾಗುವ ನನಗೆ ಇದನ್ನು ಓದಿ ಆಶ್ಚರ್ಯವಾಯಿತು.

1929ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಸೇರಿದರು. ಮರುತಿಂಗಳೇ ಅಮೆರಿಕದ ಷೇರುಪೇಟೆ ಕುಸಿದುಬಿತ್ತು, ಮಹಾ ಆರ್ಥಿಕ ಕುಸಿತ ಶುರುವಾಯಿತು. ಸಾಲ ಮಾಡಿ ಓದಿದರು. ತರಗತಿಯಲ್ಲಿ ಹೆಣ್ಣುಮಕ್ಕಳು ಕೆಲವೇ ಮಂದಿ. 1933ರಲ್ಲಿ ನಾಲ್ಕನೆಯ ಸ್ಥಾನದಲ್ಲಿ ಪಾಸಾದರು.

ಅವರಿಗೆ ಆಸೆ ಇದ್ದದ್ದು ಸರ್ಜನ್ ಆಗಲು. ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಯೂ ಸಿಕ್ಕಿತು, ಕೆಲಸವನ್ನೂ ಚೆನ್ನಾಗಿ ಮಾಡಿದರು. ಆದರೆ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಅಲೆನ್ ವಿಪಲ್ ಅವರನ್ನು ಕರೆದು ಬೇರೆ ದಾರಿ ಹಿಡಿಯಲು ಹೇಳಿದರು. ತಾವು ತಯಾರು ಮಾಡಿದ ಮಹಿಳಾ ಸರ್ಜನ್‌ಗಳಿಗೆ ಹೊರಗೆ ಕೆಲಸ ಸಿಗದೆ ಒದ್ದಾಡಿದ್ದನ್ನು ಅವರು ನೋಡಿದ್ದರು. ಇನ್ನೊಂದು ಕಾರಣವೂ ಇತ್ತು. ಶಸ್ತ್ರಚಿಕಿತ್ಸೆ ಮುಂದುವರಿಯಬೇಕಾದರೆ ಅರಿವಳಿಕೆ ಕೊಡುವ ವಿದ್ಯೆಯೂ ಮುಂದುವರಿಯಬೇಕು, ಅದಕ್ಕೆ ಒಬ್ಬ ಬುದ್ಧಿವಂತ ವೈದ್ಯರು ಬೇಕು ಎಂದು ವಿಪಲ್ ಅವರಿಗೆ ಅನ್ನಿಸಿತ್ತು. ಆಗ ಅರಿವಳಿಕೆ ಕೊಡುತ್ತಿದ್ದವರು ಹೆಚ್ಚಾಗಿ ನರ್ಸ್‌ಗಳು. ಅದೊಂದು ಪ್ರತ್ಯೇಕ ವೈದ್ಯಶಾಖೆ ಎಂದು ಬಹಳ ಜನ ಒಪ್ಪಿರಲಿಲ್ಲ.

ನಾಲ್ಕನೇ ರ‍್ಯಾಂಕ್ ಬಂದವಳಿಗೆ ಹೆಣ್ಣೆಂಬ ಕಾರಣಕ್ಕೆ ಬೇಡ ಅಂದದ್ದು ನ್ಯಾಯವಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೆ ಆಪ್ಗಾರ್ ಅಳುತ್ತಾ ಕೂರಲಿಲ್ಲ. ಅರಿವಳಿಕೆ ಕಲಿಯಲು ವಿಸ್ಕಾನ್ಸಿನ್‌ನಲ್ಲಿ ಡಾ. ರಾಲ್ಫ್ ವಾಟರ್ಸ್ ಅವರ ಬಳಿಗೂ ನಂತರ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೂ ಹೋದರು. ಮಹಿಳಾ ವೈದ್ಯರಿಗೆಂದು ವಸತಿಯೇ ಇಲ್ಲದ ಕಾಲ, ಕೊಠಡಿಗಾಗಿಯೇ ಪರದಾಡಬೇಕಾಯಿತು. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾದರು. ಆಗ ವಯಸ್ಸು 29. ಮುಖ್ಯಸ್ಥೆ ಎಂದರೂ ಮೊದಲ ಕೆಲವು ವರ್ಷ ಆಳೂ ಅವರೇ ಅರಸಿಯೂ ಅವರೇ. ಜೊತೆಗೆ ಸೇರಲು ವೈದ್ಯರು ಬರುತ್ತಿರಲಿಲ್ಲ, ಸರ್ಜನ್‌ಗಳು ಸರಿಸಮ ಎಂದು ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ದುಡಿದು ವಿಭಾಗವನ್ನು ಬೆಳೆಸಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾದಾಗ ಮುಖ್ಯಸ್ಥರ ಕುರ್ಚಿ ಒಬ್ಬ ಪುರುಷ ವೈದ್ಯರಿಗೆ ಹೋಯಿತು. ಆಪ್ಗಾರ್ ಅವರಿಗೆ ಪ್ರೊಫೆಸರ್ ಹುದ್ದೆ ಬಂತು, ಆ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಮಹಿಳೆ ಅವರೇ. ಆಡಳಿತದ ಭಾರ ಇಳಿದದ್ದರಿಂದ ಹೆರಿಗೆ ಕೋಣೆಯಲ್ಲಿ ಕಳೆಯಲು ಸಮಯ ಸಿಕ್ಕಿತು. ಅವರ ಹೆಸರು ಉಳಿದದ್ದು ಅಲ್ಲಿಂದ.

ಆ ದಿನಗಳ ಹೆರಿಗೆ ಕೋಣೆ ಹೇಗಿತ್ತು ಎಂದು ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ. ಮಗು ಹುಟ್ಟಿದ ಕೂಡಲೇ ವೈದ್ಯರ ಗಮನವೆಲ್ಲ ತಾಯಿಯ ಕಡೆ ಇರುತ್ತಿತ್ತು. ರಕ್ತಸ್ರಾವ ನಿಲ್ಲಿಸಬೇಕು, ಹೊಲಿಗೆ ಹಾಕಬೇಕು. ಅತ್ತ ಮಗುವನ್ನು ಯಾರಾದರೂ ಎತ್ತಿಕೊಂಡು ಒರೆಸಿ ಪಕ್ಕಕ್ಕೆ ಮಲಗಿಸುತ್ತಿದ್ದರು. ಜೋರಾಗಿ ಅತ್ತರೆ ಸರಿ. ಅಳದೆ, ನೀಲಿಯಾಗಿ, ಮೆತ್ತಗೆ ಬಿದ್ದಿದ್ದರೆ ಏನು ಮಾಡಬೇಕೆಂಬುದಕ್ಕೆ ಒಂದೇ ಕ್ರಮ ಇರಲಿಲ್ಲ. ಒಬ್ಬರು ಬೆನ್ನಿಗೆ ಬಡಿಯುತ್ತಿದ್ದರು, ಇನ್ನೊಬ್ಬರು ತಣ್ಣೀರು ಬಿಸಿನೀರು ಎನ್ನುತ್ತಿದ್ದರು. ತೀರ ಸಣ್ಣದಾಗಿ, ಉಸಿರಿಲ್ಲದಂತೆ ಕಾಣುವ ಮಗುವನ್ನು ಸತ್ತು ಹುಟ್ಟಿತು ಎಂದು ಬರೆದು ಪಕ್ಕಕ್ಕಿಡುವುದೂ ಇತ್ತು. ಅಮೆರಿಕದಲ್ಲಿ ಶಿಶುಮರಣ ಒಟ್ಟಾರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಆದರೆ ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ ಮಾತ್ರ ಇಳಿಯುತ್ತಲೇ ಇರಲಿಲ್ಲ.

ಅರಿವಳಿಕೆ ಕೊಡುವವರು ತಾಯಿಯ ತಲೆಯ ಬಳಿ ನಿಂತಿರುತ್ತಾರೆ. ಅಲ್ಲಿಂದ ಆಪ್ಗಾರ್ ಈ ಮಕ್ಕಳನ್ನು ನೋಡುತ್ತಿದ್ದರು. ತಾವು ತಾಯಿಗೆ ಕೊಟ್ಟ ಔಷಧ ಮಗುವಿಗೆ ಏನು ಮಾಡಿತು ಎಂಬ ಪ್ರಶ್ನೆಯೂ ಅವರಿಗಿತ್ತು. 1949ರಲ್ಲಿ ಒಂದು ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿ ತಿನ್ನುವಾಗ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಆಗಷ್ಟೇ ಹುಟ್ಟಿದ ಮಗುವಿನ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಕೇಳಿದನಂತೆ. ಅದು ಸುಲಭ ಎಂದು ಹೇಳಿ, ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶ ಬರೆದುಕೊಟ್ಟು, ತಾವೇ ಹೆರಿಗೆ ವಾರ್ಡಿಗೆ ಹೋಗಿ ಪ್ರಯೋಗ ಶುರು ಮಾಡಿದರು. ಮೂರು ವರ್ಷ ಮಕ್ಕಳನ್ನು ನೋಡಿ, ಬರೆದು, ಲೆಕ್ಕ ಹಾಕಿ 1952ರಲ್ಲಿ ಅರಿವಳಿಕೆ ತಜ್ಞರ ಸಭೆಯಲ್ಲಿ ಮಂಡಿಸಿದರು. 1953ರಲ್ಲಿ ಅದು ಅಚ್ಚಾಯಿತು.

ಆ ಐದು ಅಂಶಗಳು ಇವು. ಎದೆಬಡಿತ ಎಷ್ಟಿದೆ? ಉಸಿರಾಟ ಹೇಗಿದೆ? ಕೈಕಾಲು ಮಡಚಿ ಬಿಗಿಯಾಗಿವೆಯೋ, ಜೋತುಬಿದ್ದಿವೆಯೋ? ಕೆಣಕಿದರೆ ಮುಖ ಕಿವುಚುತ್ತದೆಯೋ, ಅಳುತ್ತದೆಯೋ? ಮೈಬಣ್ಣ ಹೇಗಿದೆ? ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ. ಎದೆಬಡಿತ ಇಲ್ಲದಿದ್ದರೆ ಸೊನ್ನೆ, ನಿಮಿಷಕ್ಕೆ 100ಕ್ಕಿಂತ ಕಡಿಮೆಯಾದರೆ ಒಂದು, ಹೆಚ್ಚಾದರೆ ಎರಡು. ಎಲ್ಲ ಸೇರಿ 10. ಮಗು ಪೂರ್ತಿ ಹೊರಬಂದು 60 ಸೆಕೆಂಡ್ ಆದಾಗ ಅಂಕ ಹಾಕಬೇಕು. ಆಮೇಲೆ ಐದನೇ ನಿಮಿಷಕ್ಕೆ ಮತ್ತೊಮ್ಮೆ ಹಾಕುವ ಪದ್ಧತಿ ಬಂತು. ನಮ್ಮ ಕಾಗದಗಳಲ್ಲಿ ಎರಡು ಅಂಕಿ ಇರುವುದು ಅದಕ್ಕೇ. ಐದನೇ ನಿಮಿಷದಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಇಪ್ಪತ್ತನೇ ನಿಮಿಷದವರೆಗೂ ಐದೈದು ನಿಮಿಷಕ್ಕೊಮ್ಮೆ ನೋಡುತ್ತಾರೆ.

ಕೊಲರಾಡೋದ ಒಬ್ಬ ಮಕ್ಕಳ ವೈದ್ಯರು 1960ರ ದಶಕದ ಆರಂಭದಲ್ಲಿ ಒಂದು ಜಾಣತನ ಮಾಡಿದರು. ಆಪ್ಗಾರ್ ಎಂಬ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೂ ಒಂದೊಂದು ಅಂಶವನ್ನು ಹೊಂದಿಸಿದರು. ವಿದ್ಯಾರ್ಥಿಗಳಿಗೆ ನೆನಪಿಡಲು ಸುಲಭವಾಯಿತು, ಆದರೆ ಅದೊಂದು ಮನುಷ್ಯರ ಹೆಸರೆಂಬುದನ್ನೇ ಎಷ್ಟೋ ಜನ ಮರೆತರು.

ಇದರಲ್ಲಿ ಎರಡು ವಿಷಯ ನನಗೆ ತುಂಬ ಹಿಡಿಸಿದವು. ಮೊದಲನೆಯದು, ಹೆರಿಗೆ ಮಾಡಿಸಿದವರೇ ಅಂಕ ಹಾಕಬಾರದು ಎಂದು ಆಪ್ಗಾರ್ ಹೇಳಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ತಾವು ಹೆರಿಗೆ ಮಾಡಿಸಿದ ಮಗು ಚೆನ್ನಾಗಿಯೇ ಇದೆ ಎಂದು ಅವರಿಗೆ ಕಾಣುತ್ತದೆ. ಎರಡನೆಯದು, ಮೊದಲ ನಿಮಿಷದಲ್ಲಿ ಹತ್ತಕ್ಕೆ ಹತ್ತು ಬರುವುದೇ ಅಪರೂಪ. ಆರೋಗ್ಯವಂತ ಮಗುವಿಗೂ ಆಗ ಅಂಗೈ ಅಂಗಾಲು ನೀಲಿಯಾಗಿರುತ್ತವೆ. ಹಾಗಾಗಿ ಬಣ್ಣಕ್ಕೆ ಒಂದು ಅಂಕ ಕಡಿಮೆ ಬೀಳುತ್ತದೆ. ನಮ್ಮಂಥ ಕಂದು ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿ ಹೇಳುವುದು ಕಷ್ಟ. ತುಟಿ, ನಾಲಗೆ ನೋಡಬೇಕು.

ಐದು ಅಂಶ ನೋಡಿ ಕೂಡಿಸುವುದರಲ್ಲಿ ಏನು ದೊಡ್ಡ ಸಂಶೋಧನೆ ಎಂದು ಕೇಳಬಹುದು. ಯಂತ್ರ ಬೇಡ, ದುಡ್ಡು ಬೇಡ. ಆದರೆ ಅಂಕ ಹಾಕಬೇಕಾದರೆ ಒಬ್ಬರು ಮಗುವಿನ ಹತ್ತಿರ ಹೋಗಲೇಬೇಕು. ಮುಟ್ಟಬೇಕು, ಎದೆಬಡಿತ ಕೇಳಬೇಕು, ಗಡಿಯಾರ ನೋಡಬೇಕು, ಬರೆದಿಡಬೇಕು. ಬರೆದಿಟ್ಟ ಮೇಲೆ ಮೂರು ಅಂಕದ ಮಗುವಿಗೆ ನೀವು ಏನು ಮಾಡಿದಿರಿ ಎಂದು ನಾಳೆ ಯಾರಾದರೂ ಕೇಳಬಹುದು. ಅಲ್ಲಿಯವರೆಗೆ ಯಾರೂ ನೋಡದೆ ಬಿಡುತ್ತಿದ್ದ ಮಗುವನ್ನು ಕಡ್ಡಾಯವಾಗಿ ನೋಡುವಂತೆ ಮಾಡಿದ್ದೇ ಆ ಅಂಕ. ಒಂದು ಆಸ್ಪತ್ರೆಯ ಮಕ್ಕಳನ್ನು ಇನ್ನೊಂದು ಆಸ್ಪತ್ರೆಯ ಮಕ್ಕಳ ಜೊತೆ, ಒಂದು ಔಷಧವನ್ನು ಇನ್ನೊಂದರ ಜೊತೆ ಹೋಲಿಸಲೂ ಸಾಧ್ಯವಾಯಿತು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ನಾನು ಈ ಹೆಸರನ್ನು ಹುಡುಕಿ ಓದಿದ್ದು ಅದರಿಂದಲೇ. ನನ್ನ ತಮ್ಮ ಹುಟ್ಟಿದ್ದು ಇದೇ ಊರಿನಲ್ಲಿ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಹುಟ್ಟಿದಾಗ ಅಳಲಿಲ್ಲ. ಅಮ್ಮನ ಪಕ್ಕದಲ್ಲೇ ಇನ್ನೊಂದು ಮೇಜಿನ ಮೇಲೆ ಮಲಗಿಸಿ, ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಕಾಗದದಲ್ಲಿ ಮೊದಲ ನಿಮಿಷಕ್ಕೆ 4, ಐದನೇ ನಿಮಿಷಕ್ಕೆ 8 ಎಂದು ಇದೆ. ಅಮ್ಮನಿಗೆ ಆ ನಾಲ್ಕು ಎನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿತು. ಅವನು ಮಾತು ಕಲಿಯುವುದು ತಡವಾದಾಗ ಅಮ್ಮ ಆ ನಾಲ್ಕನ್ನು ನೆನೆದರು. ಒತ್ತಕ್ಷರ ತಪ್ಪು ಬರೆದಾಗಲೂ ಅದನ್ನೇ ನೆನೆದರು. ಬಾಯಿ ಬಿಟ್ಟು ಹೇಳದಿದ್ದರೂ, ಹೋಮ್‌ವರ್ಕ್ ಮಾಡಿಸುವಾಗ ಅವರ ಮುಖದಲ್ಲಿ ಅದು ನನಗೆ ಕಾಣುತ್ತಿತ್ತು. ಹತ್ತಕ್ಕೆ ನಾಲ್ಕು ಎಂದರೆ ಯಾವ ತಾಯಿಗಾದರೂ ಫೇಲ್ ಎಂದೇ ಕೇಳಿಸುತ್ತದೆ.

ಆದರೆ ಆ ಅಂಕ ಪ್ರಗತಿ ಪತ್ರವಲ್ಲ. ಮೊದಲ ನಿಮಿಷದ ಅಂಕ ಹೇಳುವುದು ಇಷ್ಟೇ: ಈ ಮಗುವಿಗೆ ಈಗ, ಈ ಕ್ಷಣದಲ್ಲಿ, ಸಹಾಯ ಬೇಕೋ ಬೇಡವೋ. ಐದನೇ ನಿಮಿಷದಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಮಾಧಾನ ಪಡಬಹುದು. ಒಂದು ಮಗು ಮುಂದೆ ಹೇಗೆ ಓದುತ್ತದೆ, ಎಷ್ಟು ಬುದ್ಧಿವಂತವಾಗುತ್ತದೆ ಎಂದು ಹೇಳಲು ಆಪ್ಗಾರ್ ಅಂಕವನ್ನು ಬಳಸಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಪ್ರಸೂತಿ ವೈದ್ಯರ ಸಂಘಗಳೇ ಸ್ಪಷ್ಟವಾಗಿ ಹೇಳಿವೆ. ಇದನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ನಾಲ್ಕರಿಂದ ಎಂಟಕ್ಕೆ ನಾಲ್ಕೇ ನಿಮಿಷದಲ್ಲಿ ಏರಿದ್ದು ತಮ್ಮನ ಅಂಕವಲ್ಲ, ಅವನ ಎದುರು ನಿಂತು ಉಸಿರು ಕೊಟ್ಟವರ ಅಂಕ ಎಂದೆ. ಅಮ್ಮ ಏನೂ ಹೇಳಲಿಲ್ಲ. ಆ ಕಾಗದವನ್ನು ಮತ್ತೆ ತೆಗೆದು ನೋಡಿದರು.

ಆಪ್ಗಾರ್ ಅವರ ಸಂಶೋಧನೆ 1953ಕ್ಕೆ ಮುಗಿಯಲಿಲ್ಲ. ಡಾ. ಡಂಕನ್ ಹಾಲಡೇ ಮತ್ತು ಡಾ. ಸ್ಟ್ಯಾನ್ಲಿ ಜೇಮ್ಸ್ ಅವರ ಜೊತೆ ಸೇರಿ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು. ಹುಟ್ಟುವಾಗ ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವುದು ಸಹಜ ಎಂದು ಆಗ ಬಹಳ ಜನ ನಂಬಿದ್ದರು. ಅಂಕ ಕಡಿಮೆ ಇರುವ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲದ ಅಂಶ ಹೆಚ್ಚು ಎಂದು ಇವರು ತೋರಿಸಿದರು. ಅದು ಸಹಜವಲ್ಲ, ಉಸಿರುಕಟ್ಟುವಿಕೆ, ಕೂಡಲೇ ಚಿಕಿತ್ಸೆ ಕೊಡಬೇಕಾದದ್ದು. ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆ ಅನಿಲವನ್ನು ತಾಯಿಗೆ ಕೊಟ್ಟರೆ ಮಗು ಮಂಕಾಗಿ ಹುಟ್ಟುತ್ತದೆ ಎಂಬುದೂ ಗೊತ್ತಾಯಿತು. ಅದು ಆಪ್ಗಾರ್ ಅವರಿಗೆ ಬಹಳ ಇಷ್ಟವಾದ ಅನಿಲ, ವರ್ಷಗಟ್ಟಲೆ ತಾವೇ ಕೊಟ್ಟದ್ದು. ಲೆಕ್ಕ ಕಣ್ಣೆದುರು ಬಂದ ಕೂಡಲೇ ಹೆರಿಗೆಯಲ್ಲಿ ಅದನ್ನು ಬಿಟ್ಟುಬಿಟ್ಟರು. ಮುಂದೆ 12 ಸಂಸ್ಥೆಗಳು ಸೇರಿ 17,221 ಮಕ್ಕಳ ಮೇಲೆ ಅಧ್ಯಯನ ನಡೆಸಿದಾಗ, ಐದನೇ ನಿಮಿಷದ ಅಂಕಕ್ಕೂ ಮಕ್ಕಳು ಬದುಕುಳಿಯುವುದಕ್ಕೂ ಸಂಬಂಧ ಇದೆ ಎಂದು ದೃಢವಾಯಿತು. ಸಾವಿರಾರು ಮಕ್ಕಳನ್ನು ಒಟ್ಟಾಗಿ ನೋಡಿದಾಗ ಕಾಣುವ ಮಾತು ಇದು. ಒಂದು ಮಗುವಿನ ಜಾತಕ ಅಲ್ಲ.

ಮನುಷ್ಯರಾಗಿ ಅವರು ಹೇಗಿದ್ದರು? ಮಾತು ಬಲು ವೇಗ, ಕಾರು ಓಡಿಸುವುದೂ ಅಷ್ಟೇ ವೇಗ. ಕೈಚೀಲದಲ್ಲಿ ಸಣ್ಣ ಚಾಕು, ಉಸಿರಾಟದ ಕೊಳವೆ ಯಾವಾಗಲೂ ಇರುತ್ತಿದ್ದವು. ರಸ್ತೆಯಲ್ಲಿ ಅಪಘಾತ ಕಂಡರೆ ಗಾಡಿ ನಿಲ್ಲಿಸುತ್ತಿದ್ದರು. ತನ್ನ ಎದುರಿನಲ್ಲಿ ಯಾರ ಉಸಿರೂ ನಿಲ್ಲಕೂಡದು ಎಂಬುದು ಅವರ ಹಠ. ಪಿಟೀಲು ನುಡಿಸುವುದರ ಜೊತೆಗೆ ವಾದ್ಯ ಮಾಡುವುದನ್ನೂ ಕಲಿತರು. ಕಲಿಸಿದವರು ಕಾರ್ಲೀನ್ ಹಚಿನ್ಸ್, ಆಪ್ಗಾರ್ ಅವರಿಗೆ ಆಸ್ಪತ್ರೆಯಲ್ಲಿ ರೋಗಿಯಾಗಿ ಪರಿಚಯವಾದ ಒಬ್ಬ ಶಾಲಾ ಶಿಕ್ಷಕಿ. ಆಸ್ಪತ್ರೆಯ ಟೆಲಿಫೋನ್ ಬೂತಿನ ಶೆಲ್ಫು ವಾದ್ಯಕ್ಕೆ ಹೇಳಿ ಮಾಡಿಸಿದ ಮೇಪಲ್ ಮರದ್ದು ಎಂದು ಇಬ್ಬರ ಕಣ್ಣಿಗೂ ಬಿತ್ತು. ಕೇಳಿದರೆ ಕೊಡಲಿಲ್ಲ. ಒಂದು ರಾತ್ರಿ ಇಬ್ಬರೂ ಹೋಗಿ, ಆಪ್ಗಾರ್ ಹೊರಗೆ ಕಾವಲು ನಿಂತು, ಹಚಿನ್ಸ್ ಆ ಹಲಗೆ ಕಿತ್ತು ಅದೇ ಥರದ ಬೇರೆ ಹಲಗೆ ಕೂರಿಸಿ ಬಂದರಂತೆ! ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನೂ ಕಲಿಯತೊಡಗಿದರು.

1959ರಲ್ಲಿ, ಐವತ್ತನೇ ವಯಸ್ಸಿನಲ್ಲಿ, ಪುನಃ ವಿದ್ಯಾರ್ಥಿನಿಯಾಗಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದರು. ಅದೇ ವರ್ಷ ಮಾರ್ಚ್ ಆಫ್ ಡೈಮ್ಸ್ ಎಂಬ ಸಂಸ್ಥೆಯಲ್ಲಿ ಹುಟ್ಟುದೋಷಗಳ ವಿಭಾಗದ ಮುಖ್ಯಸ್ಥೆಯಾದರು. ಪೋಲಿಯೋ ವಿರುದ್ಧ ಹೋರಾಡಲು ಹುಟ್ಟಿದ ಸಂಸ್ಥೆ ಅದು. ಪೋಲಿಯೋ ಲಸಿಕೆ ಬಂದ ಮೇಲೆ ಅದು ಹುಟ್ಟುದೋಷಗಳ ಕಡೆ ತಿರುಗಿತ್ತು. ಅಂಥ ಮಕ್ಕಳನ್ನು ಮನೆಯವರು ಮುಚ್ಚಿಡುತ್ತಿದ್ದ ಕಾಲದಲ್ಲಿ ಆಪ್ಗಾರ್ ಊರೂರು ತಿರುಗಿ, ಇದು ನಾಚಿಕೆಯ ವಿಷಯವಲ್ಲ, ಸಂಶೋಧನೆ ಮಾಡಬೇಕಾದ ವಿಷಯ ಎಂದು ತಾಯಂದಿರಿಗೆ ಅರ್ಥವಾಗುವ ಹಾಗೆ ಹೇಳಿದರು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿ, ಗರ್ಭಿಣಿಯರಿಗೆ ತಗಲಿ, ಸುಮಾರು 20,000 ಮಕ್ಕಳು ಕಿವಿ, ಕಣ್ಣು, ಹೃದಯದ ತೊಂದರೆಗಳೊಂದಿಗೆ ಹುಟ್ಟಿದರು. 1969ರಲ್ಲಿ ಲಸಿಕೆ ಬಂದಾಗ ಎಲ್ಲರೂ ಹಾಕಿಸಿಕೊಳ್ಳಬೇಕೆಂದು ಆಪ್ಗಾರ್ ಪ್ರಚಾರ ಮಾಡಿದರು. ಇಲ್ಲಿ ಶಾಲೆಗೆ ಸೇರಿಸುವಾಗ ಲಸಿಕೆ ಕಾರ್ಡ್ ಕೇಳುತ್ತಾರಲ್ಲ, ಅದರಲ್ಲಿ ಎಂಎಂಆರ್ ಎಂದು ಇರುವುದರ ಕೊನೆಯ ಆರ್ ಇದೇ ರುಬೆಲ್ಲಾ.

1974ರ ಆಗಸ್ಟ್ 7ರಂದು, 65ನೇ ವಯಸ್ಸಿನಲ್ಲಿ, ತಾವು ಓದಿ ದುಡಿದ ಕೊಲಂಬಿಯಾದ ಆಸ್ಪತ್ರೆಯಲ್ಲೇ ತೀರಿಕೊಂಡರು. ಅವರು ಮದುವೆಯಾಗಲಿಲ್ಲ, ಸ್ವಂತ ಮಕ್ಕಳಿರಲಿಲ್ಲ. 1994ರಲ್ಲಿ ಅಮೆರಿಕ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು.

ಅವರ ಕೆಲಸ ಅವರ ಜೊತೆ ಮುಗಿಯಲಿಲ್ಲ. ಈಗ ವೈದ್ಯರು ಮೊದಲ ನಿಮಿಷದ ಅಂಕ ಬರಲಿ ಎಂದು ಕಾಯುವುದಿಲ್ಲ. ಮಗು ಅಳದಿದ್ದರೆ ಆ ನಿಮಿಷದೊಳಗೇ ಒರೆಸಿ, ಬೆಚ್ಚಗೆ ಮಾಡಿ, ಉಸಿರು ಕೊಡಲು ಶುರು ಮಾಡಬೇಕು. ಇದನ್ನು ಬಂಗಾರದ ನಿಮಿಷ ಎನ್ನುತ್ತಾರೆ. ದೊಡ್ಡ ಆಸ್ಪತ್ರೆ ಇಲ್ಲದ ಕಡೆ ಇದನ್ನು ಕಲಿಸಲು 2010ರಲ್ಲಿ ಹೆಲ್ಪಿಂಗ್ ಬೇಬೀಸ್ ಬ್ರೀದ್ ಎಂಬ ತರಬೇತಿ ಆರಂಭವಾಯಿತು. ಅದನ್ನು ಮೊದಲಿಗೆ ಪರೀಕ್ಷಿಸಿ ನೋಡಿದ ಜಾಗಗಳಲ್ಲಿ ಒಂದು ನಮ್ಮ ಬೆಳಗಾವಿ! ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ನಗರದ ಆಸ್ಪತ್ರೆಗಳವರೆಗೆ ಹೆರಿಗೆ ಮಾಡಿಸುವ ಸುಮಾರು 600 ಮಂದಿಗೆ ಗೊಂಬೆ, ಬ್ಯಾಗ್, ಮಾಸ್ಕ್ ಕೊಟ್ಟು ಕಲಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಸತ್ತು ಹುಟ್ಟಿದವು ಎಂದು ದಾಖಲಾಗುವ ಮಕ್ಕಳು ಶೇ 3.0ರಿಂದ ಶೇ 2.3ಕ್ಕೆ ಇಳಿದಿದ್ದರು. ಹುಟ್ಟಿದ ನಂತರ ಸಾಯುವ ಮಕ್ಕಳ ಪ್ರಮಾಣ ಬದಲಾಗಲಿಲ್ಲ, ಹೆಚ್ಚಲೂ ಇಲ್ಲ. ಅಂದರೆ, ಮೊದಲಾಗಿದ್ದರೆ ಸತ್ತು ಹುಟ್ಟಿತು ಎಂದು ಪಕ್ಕಕ್ಕಿಡುತ್ತಿದ್ದ ಕೆಲವು ಮಕ್ಕಳು ಉಸಿರಾಡಿದರು, ಉಳಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನ್ಯೂಯಾರ್ಕಿನ ಒಂದು ಹೆರಿಗೆ ಕೋಣೆಯಲ್ಲಿ ಆಪ್ಗಾರ್ ಶುರು ಮಾಡಿದ್ದು, ಮಗುವನ್ನು ಮೊದಲು ನೋಡಿ ಎನ್ನುವುದು, ಅರವತ್ತು ವರ್ಷದ ಮೇಲೆ ಬೆಳಗಾವಿಯ ಹಳ್ಳಿಯಲ್ಲೂ ಕೆಲಸ ಮಾಡಿತು.

ಪೋಷಕರಲ್ಲಿ ನನ್ನ ಎರಡು ವಿನಂತಿಗಳಿವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೆರಿಗೆ ಹತ್ತಿರ ಬಂದಿದ್ದರೆ, ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವಾಗಲೇ ಮಗುವನ್ನು ನೋಡಿಕೊಳ್ಳುವವರು ಯಾರು ಎಂದೂ ಆಸ್ಪತ್ರೆಯಲ್ಲಿ ಕೇಳಿ. ಮಗು ಸ್ವಲ್ಪ ದೊಡ್ಡದಾದ ಮೇಲೂ ತುರ್ತು ಸಮಯ ಬರಬಹುದು. ರೆಡ್ ಕ್ರೆಸೆಂಟ್ ಆಂಬುಲೆನ್ಸ್‌ನ 997 ನಂಬರನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ನಮ್ಮ ಮನೆಯ ವಿಳಾಸವನ್ನು ಅರಬ್ಬಿಯಲ್ಲಿ ಹೇಳಲು ಮಕ್ಕಳಿಗೆ ಕಲಿಸಿ. ಎಷ್ಟೋ ಅಪ್ಪಂದಿರು ಶಿಫ್ಟಿನಲ್ಲಿ ದೂರ ಇರುತ್ತಾರೆ, ಅಜ್ಜ ಅಜ್ಜಿ ಊರಿನಲ್ಲಿರುತ್ತಾರೆ. ಆ ಹೊತ್ತಿಗೆ ಮನೆಯಲ್ಲಿರುವುದು ಅಮ್ಮ ಮತ್ತು ನಾವು ಮಾತ್ರ. ಉಸಿರು ಕೊಡುವುದು, ಎದೆ ಒತ್ತುವುದು ಹೇಗೆಂದು ಕಲಿಸುವ ತರಬೇತಿಗಳು ಇಲ್ಲಿ ಇವೆ. ಕುಟುಂಬದಲ್ಲಿ ಒಬ್ಬರಾದರೂ ಕಲಿತಿದ್ದರೆ ಒಳ್ಳೆಯದು.

ಗುರುಗಳಿಗೆ ನನ್ನದು ಧನ್ಯವಾದ. ನಾವೆಲ್ಲ ಬೇರೆ ಬೇರೆ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಓದಿ, ವಾರಕ್ಕೊಮ್ಮೆ ನಿಮ್ಮ ಮುಂದೆ ಬಂದು ಕೂತವರು. ಮೊದಲ ವರ್ಷ ನಮ್ಮಲ್ಲಿ ಕೆಲವರಿಗೆ ಅ ಆ ಇ ಈ ಕೂಡ ಬರುತ್ತಿರಲಿಲ್ಲ. ನೀವು ಕಾಪಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಹಾಕಿದ ಅಂಕ ಕಡಿಮೆ ಇದ್ದಾಗ, ಮುಂದಿನ ಶುಕ್ರವಾರ ನಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಬರೆಸಿದಿರಿ. ಈ ಲೇಖನವನ್ನು ನಾನು ಕನ್ನಡದಲ್ಲೇ ಬರೆದದ್ದು ಅದರಿಂದ ಸಾಧ್ಯವಾಯಿತು. ನನ್ನ ತಮ್ಮ ಈ ವರ್ಷ ನಿಮ್ಮ ಎರಡನೇ ತರಗತಿಗೆ ಬರುತ್ತಾನೆ. ಒತ್ತಕ್ಷರ ಇನ್ನೂ ಸ್ವಲ್ಪ ಕಷ್ಟ. ಅವನ ಪಕ್ಕದಲ್ಲೂ ದಯವಿಟ್ಟು ಒಂದು ಕುರ್ಚಿ ಹಾಕಿಕೊಳ್ಳಿ.